ಮಬ್ಬು ಬೆಳಕಿಗೆ ಸೋತ ರೇಂಜ್‌ಫೈಂಡರ್

ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನು ಎದುರು ಗೋಡೆಯ ಕ್ಯಾಲೆಂಡರಿಗೆ ನೇರವಾಗಿ ಹಿಡಿಯಿರಿ. ಮೊದಲು ಬಲಗಣ್ಣು ಮುಚ್ಚಿ ನೋಡಿ, ಆಮೇಲೆ ಎಡಗಣ್ಣು ಮುಚ್ಚಿ ನೋಡಿ. ಬೆರಳು ಅಲುಗದಿದ್ದರೂ ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ಬೆರಳನ್ನು ಮೂಗಿನ ಹತ್ತಿರಕ್ಕೆ ತಂದಷ್ಟೂ ಈ ಜಿಗಿತ ಹೆಚ್ಚು, ದೂರ ಒಯ್ದಷ್ಟೂ ಕಡಿಮೆ. ಹಾಗಾದರೆ ಜಿಗಿತವನ್ನು ಅಳೆದು ದೂರವನ್ನು ಹೇಳಬಹುದಲ್ಲವೇ? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ರೇಂಜ್‌ಫೈಂಡರ್, ಅಂದರೆ ದೂರಮಾಪಕ.

ಈ ಸಾಧನವನ್ನು ಒಳಗೆ ಅಡಗಿಸಿಕೊಂಡ ಪುಟ್ಟ ಕ್ಯಾಮರಾಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಛಾಯಾಗ್ರಹಣವನ್ನು ಆಳಿದವು. ಫ್ಲ್ಯಾಷ್ ದೀಪವಿಲ್ಲದೆ, ಇದ್ದ ಬೆಳಕಿನಲ್ಲೇ ಚಿತ್ರ ತೆಗೆಯಬಹುದು ಎಂಬುದು ಅವುಗಳ ದೊಡ್ಡ ಹೆಗ್ಗಳಿಕೆಯಾಗಿತ್ತು. ಆದರೆ ವರ್ಷಗಟ್ಟಲೆ ಪ್ರೀತಿಯಿಂದ ಬಳಸಿದ ಅದೇ ಕ್ಯಾಮರಾವನ್ನು ಮಾರಿಬಿಟ್ಟ ಅನೇಕರು ಕೊಡುವ ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ: 'ಮಬ್ಬು ಬೆಳಕಿನಲ್ಲಿ ಫೋಕಸ್ ಸಿಗುವುದಿಲ್ಲ.' ಯಾವ ಗುಣಕ್ಕಾಗಿ ಹೆಸರು ಬಂತೋ ಅದೇ ಗುಣದಲ್ಲಿ ದೋಷ ಕಂಡದ್ದು ಹೇಗೆ? ಇದರ ಉತ್ತರ ಕ್ಯಾಮರಾದ ಇತಿಹಾಸದಲ್ಲಿ ಅರ್ಧ ಇದೆ. ಉಳಿದರ್ಧ ಮನುಷ್ಯನ ಕಣ್ಣಿನಲ್ಲಿದೆ.

ಫಿರಂಗಿಯಿಂದ ಕ್ಯಾಮರಾಕ್ಕೆ

ರೇಂಜ್‌ಫೈಂಡರ್ ಹುಟ್ಟಿದ್ದು ಚಿತ್ರ ತೆಗೆಯುವುದಕ್ಕಲ್ಲ, ಗುಂಡು ಹಾರಿಸುವುದಕ್ಕೆ. ಶತ್ರು ಎಷ್ಟು ದೂರದಲ್ಲಿದ್ದಾನೆಂದು ತಿಳಿಯದೆ ಫಿರಂಗಿಯ ಗುರಿ ಸಾಧ್ಯವಿಲ್ಲ. 1888ರಲ್ಲಿ ಬ್ರಿಟನ್ನಿನ ಇಬ್ಬರು ಪ್ರಾಧ್ಯಾಪಕರು, ಆರ್ಚಿಬಾಲ್ಡ್ ಬಾರ್ ಮತ್ತು ವಿಲಿಯಂ ಸ್ಟ್ರೌಡ್, ಇದಕ್ಕೊಂದು ಉಪಕರಣ ರೂಪಿಸಿದರು. ಉದ್ದನೆಯ ಕೊಳವೆಯ ಎರಡು ತುದಿಗಳಲ್ಲಿ ಎರಡು ಕಿಟಕಿ. ಎರಡರಿಂದಲೂ ಬಂದ ಬಿಂಬಗಳು ನಡುವೆ ಕಣ್ಣಿಟ್ಟವನಿಗೆ ಒಟ್ಟಿಗೆ ಕಾಣುತ್ತವೆ. ಒಂದು ತಿರುಪು ತಿರುಗಿಸಿ ಎರಡು ಬಿಂಬಗಳನ್ನೂ ಒಂದರ ಮೇಲೊಂದು ಕೂರಿಸಿದರೆ, ತಿರುಪು ಎಷ್ಟು ತಿರುಗಿತು ಎಂಬುದರಿಂದ ದೂರ ಗೊತ್ತಾಗುತ್ತದೆ. ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕವೇ ಇದು. ಕಿಟಕಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಳತೆ ನಿಖರ. ಆದ್ದರಿಂದಲೇ ಯುದ್ಧನೌಕೆಗಳ ದೂರಮಾಪಕಗಳು ಬೆಳೆಯುತ್ತ ಹೋದವು. ಎರಡನೆಯ ಮಹಾಯುದ್ಧದ ಜಪಾನಿ ನೌಕೆ 'ಯಮಾಟೊ'ದ ಮೇಲಿದ್ದ ದೂರಮಾಪಕದ ಉದ್ದ 15 ಮೀಟರ್. ಅದನ್ನು ತಯಾರಿಸಿದ್ದು 1917ರಲ್ಲಿ ಸ್ಥಾಪನೆಯಾದ ನಿಪ್ಪಾನ್ ಕೊಗಾಕು ಎಂಬ ಸಂಸ್ಥೆ. ನಿಕಾನ್ ಎಂಬ ಹೆಸರಿನಿಂದ ನಮಗೆಲ್ಲ ಪರಿಚಿತವಾದದ್ದು ಇದೇ ಸಂಸ್ಥೆ.

ಕ್ಯಾಮರಾಕ್ಕೂ ದೂರ ತಿಳಿಯಬೇಕು. ಮಸೂರವನ್ನು ವಸ್ತುವಿನ ದೂರಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಸದಿದ್ದರೆ ಚಿತ್ರ ಮಸುಕಾಗುತ್ತದೆ. 1916ರಲ್ಲೇ ಕೊಡಕ್ ಸಂಸ್ಥೆ ತನ್ನ ಒಂದು ಮಡಿಚುವ ಕ್ಯಾಮರಾಕ್ಕೆ ದೂರಮಾಪಕ ಜೋಡಿಸಿತ್ತು. ಆದರೆ ಈ ಸಾಧನಕ್ಕೆ ಖ್ಯಾತಿ ಬಂದದ್ದು ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಾರ್ಖಾನೆಯಿಂದ. ಅಲ್ಲಿ ಸೂಕ್ಷ್ಮದರ್ಶಕಗಳು ತಯಾರಾಗುತ್ತಿದ್ದವು. ಅಲ್ಲಿನ ಕುಶಲಕರ್ಮಿ ಆಸ್ಕರ್ ಬಾರ್ನಾಕ್‌ಗೆ ಉಬ್ಬಸದ ಬಾಧೆ. ಭಾರದ ಕ್ಯಾಮರಾ ಹೊತ್ತು ಗುಡ್ಡ ಹತ್ತುವುದು ಆಗದ ಮಾತು. ಸಿನಿಮಾ ಫಿಲ್ಮನ್ನೇ ಬಳಸಿ ಅಂಗೈಯಲ್ಲಿ ಹಿಡಿಯುವಂಥ ಕ್ಯಾಮರಾವನ್ನು ಆತ ಮಾಡಿದ. 1925ರಲ್ಲಿ ಅದು 'ಲೈಕಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಮೊದಲ ಲೈಕಾದಲ್ಲಿ ದೂರಮಾಪಕ ಇರಲಿಲ್ಲ. ಅಂದಾಜಿನ ಮೇಲೆ ದೂರ ನಿಗದಿ ಮಾಡಬೇಕಿತ್ತು, ಇಲ್ಲವೇ ಬೇರೆಯಾಗಿ ಕೊಂಡ ಪುಟ್ಟ ಮಾಪಕದಿಂದ ಅಳೆದು ಆ ಅಂಕಿಯನ್ನು ಮಸೂರಕ್ಕೆ ವರ್ಗಾಯಿಸಬೇಕಿತ್ತು. 1932ರಲ್ಲಿ ಈ ಕಷ್ಟ ತಪ್ಪಿತು. ಆ ವರ್ಷ ಬಂದ ಎರಡನೆಯ ಮಾದರಿಯ ಲೈಕಾದಲ್ಲಿ ಮಸೂರದ ಬಳೆ ತಿರುಗಿಸಿದರೆ ಸಾಕು, ಸನ್ನೆಯೊಂದು ದೂರಮಾಪಕವನ್ನೂ ಜೊತೆಯಲ್ಲೇ ತಿರುಗಿಸುತ್ತಿತ್ತು. ಎರಡು ಬಿಂಬ ಒಂದಾದರೆ ಫೋಕಸ್ ಸರಿ ಎಂದೇ ಅರ್ಥ. ಅದೇ ವರ್ಷ ಜೈಸ್ ಐಕಾನ್ ಸಂಸ್ಥೆ ತನ್ನ 'ಕಾಂಟ್ಯಾಕ್ಸ್' ಕ್ಯಾಮರಾವನ್ನು ಪೈಪೋಟಿಗೆ ಇಳಿಸಿತು. ಅದರ ಕಿಟಕಿಗಳ ನಡುವಿನ ಅಂತರ ಸುಮಾರು 10 ಸೆಂಟಿಮೀಟರ್. ಲೈಕಾದ್ದು 4 ಸೆಂಟಿಮೀಟರಿನಷ್ಟು. ನೌಕೆಯ ಫಿರಂಗಿಗಳ ನಡುವೆ ನಡೆದ ಪೈಪೋಟಿಯೇ ಈಗ ಜೇಬಿನ ಗಾತ್ರದಲ್ಲಿ ಮುಂದುವರಿಯಿತು.

ಬೆಳಕು ಕಡಿಮೆ, ಮಸೂರದ ಬಾಯಿ ದೊಡ್ಡದು

ಒಳಾಂಗಣದಲ್ಲಿ, ರಾತ್ರಿಯ ಹೊತ್ತಿನಲ್ಲಿ ಫ್ಲ್ಯಾಷ್ ಇಲ್ಲದೆ ಚಿತ್ರ ತೆಗೆಯುವ ಹಂಬಲ ಲೈಕಾಗಿಂತ ಹಳೆಯದು. ಜರ್ಮನ್ ಪತ್ರಿಕಾ ಛಾಯಾಗ್ರಾಹಕ ಎರಿಕ್ ಸಾಲೊಮನ್ 1928ರಲ್ಲಿ ಬರ್ಲಿನ್ನಿನ ನ್ಯಾಯಾಲಯವೊಂದಕ್ಕೆ ತನ್ನ ಟೋಪಿಯೊಳಗೆ ಕ್ಯಾಮರಾ ಬಚ್ಚಿಟ್ಟುಕೊಂಡು ಹೋಗಿ ವಿಚಾರಣೆಯ ಚಿತ್ರ ತೆಗೆದಿದ್ದ. ಅದು 'ಎರ್ಮನಾಕ್ಸ್' ಎಂಬ ಕ್ಯಾಮರಾ. ಗಾಜಿನ ಫಲಕಗಳನ್ನು ಒಂದೊಂದಾಗಿ ಹಾಕಬೇಕಾದ ತೊಡಕಿದ್ದರೂ ಅದರ ಎಫ್ 1.8 ಮಸೂರ ಆ ಕಾಲಕ್ಕೆ ಅಸಾಧಾರಣವಾಗಿತ್ತು. ರಾಜತಾಂತ್ರಿಕರ ಸಭೆಗಳಲ್ಲಿ ನಡುರಾತ್ರಿ ಕಳೆದು ದಣಿದು ಒರಗಿದ ಮಂತ್ರಿಗಳನ್ನು ಜಗತ್ತು ಮೊದಲು ನೋಡಿದ್ದು ಸಾಲೊಮನ್‌ನ ಚಿತ್ರಗಳಲ್ಲಿ. ಯಹೂದಿಯಾಗಿದ್ದ ಆತ 1944ರಲ್ಲಿ ಆಶ್‌ವಿಟ್ಸ್ ಶಿಬಿರದಲ್ಲಿ ಕೊಲೆಯಾದ.

ಆತ ತೋರಿಸಿದ ದಾರಿಯಲ್ಲಿ ಮಸೂರಗಳು ಬೆಳೆದವು. ಎಫ್ ಅಂಕಿ ಸಣ್ಣದಾದಷ್ಟೂ ಮಸೂರದ ಬಾಯಿ ದೊಡ್ಡದು, ಒಳಬರುವ ಬೆಳಕು ಹೆಚ್ಚು. ಕಾಂಟ್ಯಾಕ್ಸ್‌ಗಾಗಿ ಲುಡ್ವಿಗ್ ಬರ್ಟೆಲೆ ರೂಪಿಸಿದ 'ಸೊನಾರ್' ಮಸೂರ 1932ರಲ್ಲೇ ಎಫ್ 1.5 ಮುಟ್ಟಿತು. 1961ರಲ್ಲಿ ಕ್ಯಾನನ್ ಸಂಸ್ಥೆ ತನ್ನ ರೇಂಜ್‌ಫೈಂಡರ್ ಕ್ಯಾಮರಾಕ್ಕೆ ಎಫ್ 0.95 ಮಸೂರವನ್ನೇ ತಂದಿತು. ನಡುವೆ 1954ರಲ್ಲಿ ಬಂದ ಲೈಕಾ ಎಂ3, ಈ ಜಾತಿಯ ಕ್ಯಾಮರಾಗಳಲ್ಲೇ ಶ್ರೇಷ್ಠವೆಂದು ಇಂದಿಗೂ ಅನೇಕರು ಹೇಳುವ ಕ್ಯಾಮರಾ. ಅದರ ಕಿಟಕಿಯಲ್ಲಿ ದೃಶ್ಯ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ನಡುವೆ ಹೊಳೆಯುವ ಪುಟ್ಟ ಚೌಕ. ಆ ಚೌಕದೊಳಗೆ ಎರಡು ಬಿಂಬ ಕೂಡಿಸಿದರೆ ಮುಗಿಯಿತು. ಅದೇ ವರ್ಷ 35 ಮಿಲಿಮೀಟರ್ ಅಳತೆಯಲ್ಲಿ ಬಂದ ಕೊಡಕ್‌ನ 'ಟ್ರೈ-ಎಕ್ಸ್' ಫಿಲ್ಮ್ ಮಬ್ಬು ಬೆಳಕಿನ ಕೆಲಸವನ್ನು ಇನ್ನಷ್ಟು ಸುಲಭಗೊಳಿಸಿತು. ಒಳಗೆ ಎದ್ದು ಬೀಳುವ ಕನ್ನಡಿ ಇಲ್ಲದ್ದರಿಂದ ಕ್ಯಾಮರಾ ಅದುರುವುದಿಲ್ಲ. ಪಳಗಿದ ಕೈ ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ನಿಧಾನದ ಷಟರ್‌ನಲ್ಲೂ ಚಿತ್ರ ತೆಗೆಯಬಲ್ಲದು. ರಾತ್ರಿಯ ಕ್ಯಾಮರಾ ಎಂಬ ಹೆಸರು ಬಂದದ್ದು ಹೀಗೆ.

ಆದರೆ ಈ ಜಮಾಖರ್ಚಿನಲ್ಲಿ ಒಂದು ಸಾಲ ಉಳಿದುಕೊಂಡಿತ್ತು. ಮಸೂರದ ಬಾಯಿ ದೊಡ್ಡದಾದಷ್ಟೂ ಫೋಕಸ್ ಸಿಗುವ ಪದರ ತೆಳ್ಳಗಾಗುತ್ತದೆ. 50 ಮಿಲಿಮೀಟರ್ ಮಸೂರದಿಂದ ಒಂದು ಮೀಟರ್ ದೂರದ ಮುಖವನ್ನು ಹಗಲಲ್ಲಿ ಎಫ್ 8ರಲ್ಲಿ ತೆಗೆದರೆ ಸುಮಾರು 18 ಸೆಂಟಿಮೀಟರ್ ಆಳದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ. ಮೂಗಿನ ತುದಿಯಿಂದ ಕಿವಿಯವರೆಗೆ ಎಲ್ಲವೂ ಅದರೊಳಗೆ ಬಂತು. ಅದೇ ಮುಖವನ್ನು ರಾತ್ರಿ ಎಫ್ 1ರಲ್ಲಿ ತೆಗೆದರೆ ಸಿಗುವುದು ಎರಡೇ ಸೆಂಟಿಮೀಟರಿನಷ್ಟು. ಕಣ್ಣು ಸ್ಪಷ್ಟವಾದರೆ ಮೂಗು ಮಸುಕು. ಮೂಗಿಗೆ ಹಿಡಿದರೆ ಕಣ್ಣು ಹೋಯಿತು. ಹಗಲಲ್ಲಿ ಅಂದಾಜು ಸಾಕಾಗುತ್ತಿದ್ದ ಕೆಲಸಕ್ಕೆ ರಾತ್ರಿ ಕೂದಲೆಳೆಯಷ್ಟು ನಿಖರತೆ ಬೇಕು. ಕಣ್ಣು ಅತಿ ಕಡಿಮೆ ಕಾಣುವ ಹೊತ್ತಿನಲ್ಲೇ ಕಣ್ಣಿನಿಂದ ಅತಿ ಹೆಚ್ಚು ನಿರೀಕ್ಷೆ!

ಬಿರ್ಲಾ ಭವನದ ಆ ರಾತ್ರಿ

ಲೈಕಾ ಹಿಡಿದವರಲ್ಲಿ ಅತ್ಯಂತ ಪ್ರಸಿದ್ಧನಾದ ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸ್ಸೋ ಫ್ಲ್ಯಾಷ್ ಬಳಕೆಯನ್ನು ಇಷ್ಟಪಡುತ್ತಿರಲಿಲ್ಲ. 1948ರ ಜನವರಿ 30ರಂದು ಆತ ದೆಹಲಿಯಲ್ಲಿದ್ದ. ಅಂದು ಗಾಂಧೀಜಿಯವರನ್ನು ಕಂಡೂ ಬಂದಿದ್ದ. ಸಂಜೆ ಗುಂಡಿನ ಸುದ್ದಿ ಹಬ್ಬಿತು. ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಎತ್ತರದಲ್ಲಿ ನಿಂತು, ಕತ್ತಲಲ್ಲಿ ನೆರೆದ ಜನಕ್ಕೆ ಗಾಂಧೀಜಿ ಇನ್ನಿಲ್ಲವೆಂದು ಹೇಳುತ್ತಿರುವ ಚಿತ್ರವನ್ನು ಅನೇಕ ಓದುಗರು ನೋಡಿರಬಹುದು. ಚಿತ್ರ ಮಸುಕಾಗಿದೆ. ದೀಪದ ಬೆಳಕು ಚೆಲ್ಲಾಡಿದೆ, ಮುಖಗಳು ಕತ್ತಲಲ್ಲಿ ಕರಗಿವೆ. ಹಾಗಿದ್ದೂ, ಅಥವಾ ಹಾಗಿರುವುದರಿಂದಲೇ, ಆ ರಾತ್ರಿಯ ದಿಗ್ಭ್ರಮೆ ಅದರಲ್ಲಿ ಉಳಿದಿದೆ.

ಆದರೆ ಪ್ರತಿ ರಾತ್ರಿಯೂ ಇಂಥ ಇತಿಹಾಸ ಜರುಗುವುದಿಲ್ಲ. ನಾಟಕದ ರಂಗದ ಮುಂದೆ, ಸಂಗೀತ ಕಛೇರಿಯಲ್ಲಿ, ಮದುವೆಯ ಮನೆಯಲ್ಲಿ ಚಿತ್ರ ತೆಗೆಯುವವನಿಗೆ ಮಸುಕಿನ ಚಿತ್ರವೆಂದರೆ ಕೆಟ್ಟ ಚಿತ್ರವೇ. ರೀಲು ತೊಳೆದ ಮೇಲೆ ಮೂವತ್ತಾರರಲ್ಲಿ ಹತ್ತು ಮಾತ್ರ ಸ್ಪಷ್ಟವಾಗಿ ಬಂದರೆ ಹೊಟ್ಟೆ ತುಂಬುವುದಿಲ್ಲ. ಕ್ಯಾಮರಾದ ಚರಿತ್ರೆಯಲ್ಲಿ ಮಹಾನ್ ಚಿತ್ರಗಳಷ್ಟೇ ಉಳಿಯುತ್ತವೆ; ಕಸದ ಬುಟ್ಟಿ ಸೇರಿದವು ಉಳಿಯುವುದಿಲ್ಲ. ಕ್ಯಾಮರಾ ಬದಲಿಸುವ ನಿರ್ಧಾರ ಮಾತ್ರ ಹೆಚ್ಚಾಗಿ ಆ ಬುಟ್ಟಿಯ ಮುಂದೆಯೇ ಆಗುತ್ತದೆ.

ಕಣ್ಣಿನ ಮಿತಿ

ಫೋಕಸ್ ಸಿಗದಿರುವುದಕ್ಕೆ ಕಾರಣಗಳು ಹಲವು. ಮೊದಲನೆಯದು ಚೌಕದೊಳಗಿನ ಬೆಳಕು. ಎರಡು ಬಿಂಬಗಳನ್ನು ಒಂದರ ಮೇಲೊಂದು ತೋರಿಸಲು ಅರ್ಧ ಪಾರದರ್ಶಕವಾದ ಕನ್ನಡಿ ಬೇಕು. ಅದು ಒಂದು ಬಿಂಬದ ಬೆಳಕಿನ ಪಾಲು ಕಳೆದು ಇನ್ನೊಂದಕ್ಕೆ ಜಾಗ ಮಾಡುತ್ತದೆ. ಬಿಸಿಲಲ್ಲಿ ಈ ನಷ್ಟ ಗೊತ್ತಾಗದು. ಒಂದೇ ಬಲ್ಬು ಉರಿಯುವ ಕೋಣೆಯಲ್ಲಿ ಎರಡನೆಯ ಬಿಂಬ ಇದೆಯೋ ಇಲ್ಲವೋ ಎಂದು ಹುಡುಕಬೇಕಾಗುತ್ತದೆ.

ಎರಡನೆಯದು, ಬಿಂಬಗಳು ಜರುಗುವುದು ಅಡ್ಡಡ್ಡಲಾಗಿ. ಹೀಗಾಗಿ ಅವು ಕೂಡಿದವೋ ಇಲ್ಲವೋ ತಿಳಿಯಲು ನೇರ ನಿಂತ ಗೆರೆಯೊಂದು ಬೇಕು: ಬಾಗಿಲ ಚೌಕಟ್ಟು, ಕಂಬ, ಅಂಗಿಯ ಗುಂಡಿಪಟ್ಟಿ. ಮಬ್ಬಿನಲ್ಲಿ ಕುಳಿತವನ ಕೆನ್ನೆಯಲ್ಲಿ ಅಂಥ ಗೆರೆ ಎಲ್ಲಿಂದ ಬರಬೇಕು? ಮೂರನೆಯದು, ಎದುರಿನಿಂದ ದೀಪ ಬಿದ್ದರೆ ಕೆಲವು ಕ್ಯಾಮರಾಗಳಲ್ಲಿ ಚೌಕವೇ ಬೆಳ್ಳಗಾಗಿ ಅಳಿಸಿಹೋಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಬಂದ ಲೈಕಾ ಎಂ4-2ರಲ್ಲಿ ಖರ್ಚು ತಗ್ಗಿಸಲು ದೂರಮಾಪಕದೊಳಗಿನ ಪುಟ್ಟ ಮಸೂರವೊಂದನ್ನು ತೆಗೆದುಹಾಕಿದ ಮೇಲೆ ಈ ದೂರು ಹೆಚ್ಚಾಯಿತು. 2003ರ ಎಂಪಿ ಮಾದರಿಯಲ್ಲಿ ಅದನ್ನು ಸರಿಪಡಿಸಲಾಯಿತು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಕಣ್ಣಿನ ರಚನೆಯಲ್ಲೇ ಇದೆ. ಸೂಕ್ಷ್ಮವಾದುದನ್ನು ನಾವು ನೋಡುವುದು ಅಕ್ಷಿಪಟದ ನಟ್ಟನಡುವಿನ ಒಂದು ಚುಕ್ಕೆಯಷ್ಟು ಜಾಗದಿಂದ. ಅಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮಾತ್ರ ಇವೆ. ಅವಕ್ಕೆ ಧಾರಾಳ ಬೆಳಕು ಬೇಕು. ಕತ್ತಲಿಗೆ ಒಗ್ಗುವ ದಂಡಕೋಶಗಳು ಇರುವುದು ಆ ಚುಕ್ಕೆಯ ಸುತ್ತ. ಮದುವೆಯಲ್ಲಿ ಅರುಂಧತಿ ನಕ್ಷತ್ರ ತೋರಿಸುವ ಪದ್ಧತಿ ಇದೆಯಲ್ಲ, ಅಂಥ ಮಂಕು ನಕ್ಷತ್ರವನ್ನು ನೆಟ್ಟ ನೋಟದಿಂದ ನೋಡಿದರೆ ಕಾಣೆಯಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ನಕ್ಷತ್ರಕ್ಕೆ ಈ ಉಪಾಯ ನಡೆದೀತು, ರೇಂಜ್‌ಫೈಂಡರಿಗೆ ನಡೆಯದು. ಎರಡು ಗೆರೆ ಕೂಡಿದವೇ ಎಂದು ತೀರ್ಮಾನಿಸಲು ನೇರ ನೋಟವೇ ಬೇಕು. ಆ ನೇರ ನೋಟಕ್ಕೇ ಕತ್ತಲಲ್ಲಿ ಬಲವಿಲ್ಲ.

ಇದರ ಮೇಲೆ ವಯಸ್ಸು. ಕತ್ತಲಲ್ಲಿ ಎಳೆಯರ ಕಣ್ಣಪಾಪೆ ಅರಳಿದಷ್ಟು ಹಿರಿಯರದು ಅರಳುವುದಿಲ್ಲ. ಕನ್ನಡಕ ಬಂದರೆ ಕಣ್ಣು ಕಿಟಕಿಯಿಂದ ಹಿಂದೆ ಸರಿಯುತ್ತದೆ, ಸ್ವಲ್ಪ ಓರೆಯಾದರೂ ಚೌಕ ಮಂಕಾಗುತ್ತದೆ. ಇಪ್ಪತ್ತೈದರಲ್ಲಿ ಕಣ್ಣು ಮಿಟುಕಿಸುವುದರೊಳಗೆ ಆಗುತ್ತಿದ್ದ ಕೆಲಸ ಐವತ್ತರಲ್ಲಿ ಆಗದಿದ್ದರೆ, ಕ್ಯಾಮರಾ ಕೆಟ್ಟಿದೆ ಎಂದು ರಿಪೇರಿಗೆ ಕೊಡುವವರೂ ಉಂಟು. ಕೆಲವೊಮ್ಮೆ ಅದು ನಿಜವೂ ಹೌದು. ಕ್ಯಾಮರಾ ಒಮ್ಮೆ ಜೋರಾಗಿ ಬಡಿದುಕೊಂಡರೆ ದೂರಮಾಪಕದ ಹೊಂದಾಣಿಕೆ ತಪ್ಪುತ್ತದೆ. ಆದರೆ ರಿಪೇರಿಯಾಗಿ ಬಂದ ಮೇಲೂ ರಾತ್ರಿಯ ಚಿತ್ರಗಳು ಮಸುಕಾದರೆ ದೋಷ ಕಿಟಕಿಯ ಆಚೆಯಲ್ಲ, ಈಚೆ ಇದೆ ಎಂದೇ ಅರ್ಥ.

ಸಮುದ್ರದ ಮೇಲೆ ಮೊದಲ ಸೋಲು

ಕತ್ತಲಿನ ಎದುರು ದೂರಮಾಪಕ ಸೋತದ್ದು ಕ್ಯಾಮರಾದಲ್ಲೇ ಮೊದಲಲ್ಲ. ಸಮುದ್ರದ ಮೇಲೆ ಈ ಸೋಲು ಮೊದಲೇ ಆಗಿತ್ತು. 1941ರ ಮಾರ್ಚ್ ಕೊನೆಯಲ್ಲಿ ಗ್ರೀಸಿನ ಮಟಪಾನ್ ಭೂಶಿರದ ಬಳಿ ರಾಡಾರ್ ಹೊಂದಿದ್ದ ಬ್ರಿಟಿಷ್ ನೌಕೆಗಳು ರಾಡಾರ್ ಇಲ್ಲದ ಇಟಲಿಯ ನೌಕೆಗಳನ್ನು ಕತ್ತಲಲ್ಲೇ ಪತ್ತೆ ಮಾಡಿ, ಹತ್ತಿರ ಹೋಗಿ ಗುಂಡು ಹಾರಿಸಿದವು. ಇಟಲಿ ಒಂದೇ ರಾತ್ರಿಯಲ್ಲಿ ಮೂರು ದೊಡ್ಡ ಕ್ರೂಸರ್‌ಗಳನ್ನೂ ಎರಡು ವಿಧ್ವಂಸಕ ನೌಕೆಗಳನ್ನೂ ಕಳೆದುಕೊಂಡಿತು.

ಪಳಗಿದ ಕಣ್ಣು ಸುಲಭವಾಗಿ ಸೋಲೊಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ರಾತ್ರಿ ಕದನದಲ್ಲಿ ವಿಶೇಷ ತರಬೇತಿ ಪಡೆದ ಜಪಾನಿ ನಾವಿಕರು 1942ರ ಆಗಸ್ಟ್‌ನಲ್ಲಿ ಸಾವೊ ದ್ವೀಪದ ಬಳಿ ರಾಡಾರ್ ಇದ್ದ ಶತ್ರುಪಡೆಯನ್ನೇ ಧೂಳೀಪಟ ಮಾಡಿದರು. ಆದರೆ 1944ರ ಅಕ್ಟೋಬರ್‌ನಲ್ಲಿ ಫಿಲಿಪ್ಪೀನ್ಸಿನ ಸುರಿಗಾವೊ ಜಲಸಂಧಿಯಲ್ಲಿ ಅಮೆರಿಕದ ಯುದ್ಧನೌಕೆಗಳು ಸುಮಾರು 20 ಕಿಲೋಮೀಟರ್ ದೂರದಿಂದ, ನಡುರಾತ್ರಿ ಕಳೆದ ಕಗ್ಗತ್ತಲಲ್ಲಿ, ರಾಡಾರ್ ಅಳತೆಯ ಮೇಲೆ ಗುರಿಯಿಟ್ಟವು. ಅಲ್ಲಿಗೆ ವಾದ ಮುಗಿಯಿತು. ಕಣ್ಣಿಗೆ ಕಾಣುವವರೆಗೆ ಕಾಯಬೇಕಾದ ಸಾಧನ, ಕಣ್ಣಿನ ಹಂಗೇ ಇಲ್ಲದ ಸಾಧನಕ್ಕೆ ದಾರಿ ಬಿಟ್ಟಿತು. ಕ್ಯಾಮರಾ ಲೋಕ ಇದೇ ಹಾದಿ ಹಿಡಿಯಲು ಇನ್ನೂ ಮೂರು ದಶಕ ಬೇಕಾಯಿತು.

ಕನ್ನಡಿಯ ಕ್ಯಾಮರಾ

ಯುದ್ಧದ ನಂತರ ನಿಪ್ಪಾನ್ ಕೊಗಾಕು ರೇಂಜ್‌ಫೈಂಡರ್ ಕ್ಯಾಮರಾ ತಯಾರಿಕೆಗೆ ಇಳಿಯಿತು. 1950ರಲ್ಲಿ 'ಲೈಫ್' ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿ ಅದರ ಮಸೂರಗಳನ್ನು ಕಂಡು ಬೆರಗಾಗಿ ತನ್ನ ಲೈಕಾಗಳಿಗೇ ಅವನ್ನು ತೊಡಿಸಿಕೊಂಡು ಕೊರಿಯಾ ಯುದ್ಧಕ್ಕೆ ಹೋದ. ಅದರಿಂದ ಸಂಸ್ಥೆಗೆ ಜಗತ್ತಿನಲ್ಲಿ ಹೆಸರು ಬಂತು. 1957ರಲ್ಲಿ ಬಂದ ಅದರ ಎಸ್‌ಪಿ ಮಾದರಿ ಲೈಕಾಗೆ ಸರಿಸಮ ಎನಿಸಿಕೊಂಡಿತ್ತು. ಆದರೆ ಎರಡೇ ವರ್ಷಗಳಲ್ಲಿ, 1959ರಲ್ಲಿ, ಅದೇ ಸಂಸ್ಥೆ ನಿಕಾನ್ ಎಫ್ ಎಂಬ ಬೇರೆ ಜಾತಿಯ ಕ್ಯಾಮರಾ ಹೊರತಂದಿತು. ಅದರಲ್ಲಿ ಪಕ್ಕದ ಕಿಟಕಿಯಿಲ್ಲ. ಮಸೂರದೊಳಗಿಂದ ಬಂದ ಬೆಳಕನ್ನೇ ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುತ್ತದೆ. ಕಂಡದ್ದೇ ಚಿತ್ರ.

ಈ ಎಸ್‌ಎಲ್‌ಆರ್ ಕ್ಯಾಮರಾ ಗೆದ್ದದ್ದು ಕತ್ತಲಲ್ಲಿ ಚೆನ್ನಾಗಿ ಕಂಡದ್ದರಿಂದ ಮಾತ್ರವಲ್ಲ. ದೂರದ ಆಟಗಾರನನ್ನು ಹತ್ತಿರ ತರುವ ಉದ್ದನೆಯ ಮಸೂರ, ಹೂವಿನ ಕೇಸರ ತೋರಿಸುವ ಮಸೂರ, ಇವೆರಡೂ ರೇಂಜ್‌ಫೈಂಡರಿಗೆ ಒಗ್ಗದ ಕೆಲಸಗಳು. ಸಾಧಾರಣ ಮಸೂರ ಹಾಕಿದರೆ ಎಸ್‌ಎಲ್‌ಆರ್ ಕಿಟಕಿಯೂ ರಾತ್ರಿ ಮಬ್ಬಾಗುತ್ತದೆ. ಕನ್ನಡಿಯ ಹೊಡೆತಕ್ಕೆ ಕ್ಯಾಮರಾ ಅದುರುತ್ತದೆ. ಆದರೆ ಎಫ್ 1.4ರಂಥ ದೊಡ್ಡ ಬಾಯಿಯ ಮಸೂರ ಹಾಕಿದರೆ ಇಡೀ ಮುಖ ಸ್ಪಷ್ಟವಾಗುವುದನ್ನೂ ಮಸುಕಾಗುವುದನ್ನೂ ಕಣ್ಣಾರೆ ನೋಡಬಹುದು. ಒಂದು ಗೆರೆಗಾಗಿ ತಡಕಾಡಬೇಕಿಲ್ಲ. ಅನೇಕರಿಗೆ ಅಷ್ಟೇ ಸಾಕಾಗಿತ್ತು.

ನಿಕಾನ್ ಅರವತ್ತರ ದಶಕದಲ್ಲಿ ರೇಂಜ್‌ಫೈಂಡರ್ ತಯಾರಿಕೆಯನ್ನು ಕೈಬಿಟ್ಟಿತು. ಕ್ಯಾನನ್ 1968ರಲ್ಲಿ ನಿಲ್ಲಿಸಿತು. ಲೈಕಾ 1971ರಲ್ಲಿ ತಂದ ಎಂ5 ಮಾರಾಟವಾಗದೆ 1975ರಲ್ಲಿ ನಿಂತಿತು. ಈ ಜಾತಿ ಅಲ್ಲಿಗೇ ಮುಗಿಯುವುದರಲ್ಲಿತ್ತು. ಕೆನಡಾದ ಕಾರ್ಖಾನೆಯಲ್ಲಿ ಎಂ4-2 ತಯಾರಿಸಿ ಹೇಗೋ ಉಸಿರು ಹಿಡಿದುಕೊಂಡರು.

ಕಣ್ಣಿಲ್ಲದ ಅಳತೆ

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. 1977ರಲ್ಲಿ ಕೊನಿಕಾ ಸಂಸ್ಥೆ ತಾನೇ ಫೋಕಸ್ ಮಾಡಿಕೊಳ್ಳುವ ಸಿ35 ಎಎಫ್ ಎಂಬ ಕ್ಯಾಮರಾ ತಂದಿತು. ಅದರ ಮುಖದಲ್ಲಿ ಎರಡು ಪುಟ್ಟ ಕಿಟಕಿಗಳಿದ್ದವು! ಎರಡು ಬಿಂಬ ಕೂಡಿದವೇ ಎಂದು ನೋಡುವ ಕೆಲಸ ಈಗ ವಿದ್ಯುನ್ಮಾನ ಉಪಕರಣದ್ದು. ಬಾರ್ ಮತ್ತು ಸ್ಟ್ರೌಡ್ ಅವರ ತ್ರಿಕೋನ ಹಾಗೇ ಇತ್ತು. ನಡುವೆ ಇದ್ದ ಮನುಷ್ಯನ ಕಣ್ಣು ಮಾತ್ರ ಇರಲಿಲ್ಲ. 1978ರ ಪೊಲರಾಯ್ಡ್ ಕ್ಯಾಮರಾವೊಂದು ಬಾವಲಿಯಂತೆ ಕಿವಿಗೆ ಕೇಳದ ಶಬ್ದ ಹೊಮ್ಮಿಸಿ ಅದರ ಮಾರ್ದನಿಯಿಂದ ದೂರ ಅಳೆಯಿತು. ಮರುವರ್ಷ ಬಂದ ಕ್ಯಾನನ್ ಎಎಫ್35ಎಂ ಅವಕೆಂಪು ಕಿರಣ ಬೀರಿ ಕತ್ತಲಲ್ಲೂ ಅದೇ ಕೆಲಸ ಮಾಡಿತು. ರಾಡಾರ್ ತತ್ತ್ವವೇ ಕ್ಯಾಮರಾಕ್ಕೆ ಇಳಿದು ಬಂದಿತ್ತು.

1985ರ ಮಿನೋಲ್ಟಾ 7000ದಲ್ಲಿ ಎರಡು ಕಿಟಕಿಗಳು ಮಸೂರದೊಳಗೇ ಅಡಗಿದವು. ಮಸೂರದ ಒಂದು ಅಂಚಿನಿಂದ ಬಂದ ಬಿಂಬವನ್ನು ಇನ್ನೊಂದು ಅಂಚಿನಿಂದ ಬಂದದ್ದರ ಜೊತೆ ಹೋಲಿಸುವ ವಿಧಾನ ಅದು. ಇಂದು ಬಹುತೇಕ ಮೊಬೈಲ್ ಫೋನುಗಳ ಕ್ಯಾಮರಾದಲ್ಲೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಹೀಗೆ ನೋಡಿದರೆ ರೇಂಜ್‌ಫೈಂಡರ್ ಸತ್ತಿಲ್ಲ. ಯುದ್ಧನೌಕೆಯ 15 ಮೀಟರ್ ಕೊಳವೆ ಸಾಸಿವೆ ಕಾಳಿನ ಗಾತ್ರಕ್ಕೆ ಕುಗ್ಗಿ ಎಲ್ಲರ ಜೇಬು ಸೇರಿದೆ.

ಹಳೆಯ ಬಗೆಯ ರೇಂಜ್‌ಫೈಂಡರುಗಳೂ ಪೂರ್ತಿ ಮಾಯವಾಗಿಲ್ಲ. ನಿಕಾನ್ ತನ್ನ ಎಸ್3ಯನ್ನು 2000ದಲ್ಲೂ ಎಸ್‌ಪಿಯನ್ನು 2005ರಲ್ಲೂ ಅಭಿಮಾನಿಗಳಿಗಾಗಿ ಮತ್ತೆ ತಯಾರಿಸಿತು. ಲೈಕಾ ತನ್ನ ಫಿಲ್ಮ್ ಕ್ಯಾಮರಾ ಎಂ6ನ್ನು 2022ರಲ್ಲಿ ಪುನಃ ಹೊರತಂದಿತು. ಆದರೆ ಅದೇ ಲೈಕಾ 2025ರಲ್ಲಿ ಎಂ ಸರಣಿಯಲ್ಲೇ ದೂರಮಾಪಕದ ಕಿಟಕಿಯಿಲ್ಲದ, ಪುಟ್ಟ ವಿದ್ಯುನ್ಮಾನ ಪರದೆಯನ್ನು ನೋಡಿ ಫೋಕಸ್ ಮಾಡುವ ಕ್ಯಾಮರಾವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಬಿಟ್ಟುಕೊಡಲು ಮನಸ್ಸಿಲ್ಲದವರ ಕೊನೆಯ ಕೋಟೆಯಲ್ಲೂ ಒಂದು ಬಾಗಿಲು ತೆರೆದಂತಾಯಿತು.

ಇದರಲ್ಲಿ ಕಳೆದುಹೋದದ್ದು ಏನೂ ಇಲ್ಲವೆಂದಲ್ಲ. ಎರಡು ಬಿಂಬಗಳನ್ನು ತಾನೇ ಕೂಡಿಸುವವನು ಯಾವುದನ್ನು ಸ್ಪಷ್ಟವಾಗಿ ತೋರಿಸಬೇಕೆಂದು ತಾನೇ ನಿರ್ಧರಿಸುತ್ತಿದ್ದ. ಯಂತ್ರ ಬೇಗ ಅಳೆಯುತ್ತದೆ, ಕತ್ತಲಲ್ಲೂ ಅಳೆಯುತ್ತದೆ. ಆದರೆ ಗುಂಪಿನಲ್ಲಿ ಯಾರ ಮುಖ ಮುಖ್ಯ ಎಂಬುದನ್ನು ಅದಕ್ಕೆ ಹೇಳಿಕೊಡಬೇಕು. ಹಾಗೆಂದು ಕಣ್ಣು ಸೋತಾಗ ಪ್ರೀತಿಯ ಕ್ಯಾಮರಾವನ್ನು ಮಾರಿದವರನ್ನು ನಿಷ್ಠೆಯಿಲ್ಲದವರು ಎನ್ನುವಂತಿಲ್ಲ. ಬರಿಗಣ್ಣಿನ ಅಂದಾಜು ಸಾಲದು ಎಂದೇ ತಾನೆ ರೇಂಜ್‌ಫೈಂಡರ್ ಹುಟ್ಟಿದ್ದು? ಅದೂ ಸಾಲದಾದಾಗ ಮುಂದಿನದನ್ನು ಕೈಗೆತ್ತಿಕೊಂಡವರು ಅದೇ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿದ್ದಾರೆ, ಅಷ್ಟೆ.